ದುಡಿಯುವವರ ಲೆಕ್ಕ ಏಕೆ ತಾಳೆಯಾಗುವುದಿಲ್ಲ?

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಜನಗಣತಿಯ ಒಂದು ಪಟ್ಟಿಯಲ್ಲಿರುವ ಸಾಗುವಳಿದಾರರ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆ. ಅಂಕಿಗಳೇ ಸುಳ್ಳೆಂದು ತಳ್ಳಿಹಾಕುವ ಮೊದಲು, ಯಾರನ್ನು ಸೇರಿಸಿ ಎಣಿಸಿದ್ದಾರೆ ಎಂಬುದನ್ನು ನೋಡಬೇಕು. ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಕೊಳಗದಲ್ಲಿ ಅಳೆದ ರಾಗಿಯನ್ನು ಹಾಗೆಯೇ ಹೋಲಿಸಲಾಗದಷ್ಟೆ.

1961ರ ಗಣತಿಯ ಪ್ರಕಾರ ದೇಶದಲ್ಲಿ ದುಡಿಯುವ ಹೆಂಗಸರು ಸುಮಾರು 5.9 ಕೋಟಿ. 1971ರಲ್ಲಿ ಈ ಸಂಖ್ಯೆ ಸುಮಾರು 3.1 ಕೋಟಿ. ಹತ್ತು ವರ್ಷಗಳಲ್ಲಿ ಅಷ್ಟೊಂದು ಹೆಂಗಸರು ಕೆಲಸ ಬಿಟ್ಟರೆ? ಇಲ್ಲ. ಮುಖ್ಯವಾಗಿ ಬದಲಾದದ್ದು ಗಣತಿದಾರರು ಕೇಳಿದ ಪ್ರಶ್ನೆ.

ಸ್ವಂತ ಹೊಲದಲ್ಲಿ ಬಿತ್ತನೆ, ಕಳೆ, ಕೊಯ್ಲು ಎಂದು ವರ್ಷಕ್ಕೆ 100 ದಿನ ದುಡಿದು, ಮನೆಯನ್ನೂ ನೋಡಿಕೊಳ್ಳುವ ಗೃಹಿಣಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

1. 1961ರಲ್ಲಿ ಹಂಗಾಮಿನ ಹೆಚ್ಚಿನ ಕಾಲ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದಿದ್ದರೆ ಸಾಕಿತ್ತು. ಆಕೆ ಕೆಲಸಗಾರರ ಪಟ್ಟಿಗೆ ಸೇರಿದರು.

2. 1971ರಲ್ಲಿ ಕೇಳಿದ್ದು ಮುಖ್ಯ ಚಟುವಟಿಕೆಯನ್ನು. ಮನೆಗೆಲಸ ಎಂದೊಡನೆ ಆಕೆ ಕೆಲಸಗಾರರಲ್ಲದವರ ಪಟ್ಟಿಗೆ ಹೋದರು.

3. 1981ರಿಂದ 183 ದಿನ ಅಥವಾ ಅದಕ್ಕೂ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಕಡಿಮೆ ದುಡಿದವರು ಅಲ್ಪಕಾಲಿಕ ಕೆಲಸಗಾರರು. ಆಕೆ ಅಲ್ಪಕಾಲಿಕ ಕೆಲಸಗಾರರಾದರು.

ಹೊಲ ಅದೇ, ದುಡಿಮೆ ಅದೇ. ಹೆಸರು ಮಾತ್ರ ಮೂರು.

2011ರಲ್ಲಿ ಮುಖ್ಯ ಸಾಗುವಳಿದಾರರು ಸುಮಾರು 9.6 ಕೋಟಿ. ಅಲ್ಪಕಾಲಿಕರು ಸುಮಾರು 2.3 ಕೋಟಿ. ಒಟ್ಟು 11.9 ಕೋಟಿ. 2001ರ ಒಟ್ಟು ಸಂಖ್ಯೆ ಸುಮಾರು 12.7 ಕೋಟಿ. ಈ 12.7 ಕೋಟಿಯನ್ನು 9.6 ಕೋಟಿಯೊಡನೆ ಹೋಲಿಸಿದರೆ ಮೂರು ಕೋಟಿ ಜನ ಬೇಸಾಯ ಬಿಟ್ಟಂತೆ ಕಾಣುತ್ತದೆ. ಒಟ್ಟನ್ನು ಒಟ್ಟಿನೊಡನೆ ಹೋಲಿಸಿದರೆ ಇಳಿಕೆ ಎಂಬತ್ತು ಲಕ್ಷಕ್ಕೆ ಸ್ವಲ್ಪ ಮೇಲೆ. ಅದೂ ಚಿಂತೆಯ ವಿಷಯವೇ. ಆದರೆ ಮೂರು ಕೋಟಿಯಲ್ಲ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಯೋಜನೆ ಬರೆಯುವಾಗ ಮುಖ್ಯ ಮತ್ತು ಅಲ್ಪಕಾಲಿಕ ಎರಡೂ ಪಟ್ಟಿಗಳನ್ನು, ಗಂಡಸರು ಹೆಂಗಸರು ಎಂದು ಬೇರೆ ಬೇರೆಯಾಗಿ, ನೋಡಬೇಕು. ಮುಖ್ಯ ಕೆಲಸಗಾರರನ್ನಷ್ಟೇ ಎಣಿಸಿದರೆ ಕಳೆ ಕೀಳುವ ಕೈಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಆಗ ಸುಧಾರಿತ ಎಡೆಕುಂಟೆಯ ತರಬೇತಿಗೆ ಕಳೆ ಕೀಳದವರನ್ನೇ ಕರೆದಂತಾಗುತ್ತದೆ.

ರೈತರು ಮಾಡಬೇಕಾದದ್ದೂ ಒಂದಿದೆ. ಗಣತಿದಾರರು ಬಂದಾಗ "ನಮ್ಮ ಮನೆಯವರು ಏನೂ ಮಾಡುವುದಿಲ್ಲ" ಎನ್ನಬೇಡಿ. ಕೂಲಿ ಸಿಗದಿದ್ದರೂ ಸ್ವಂತ ಹೊಲದ ದುಡಿಮೆ ಕೆಲಸವೇ. ಅವರು ಎಷ್ಟು ದಿನ ಹೊಲಕ್ಕೆ ಇಳಿದರೆಂದು ಅವರನ್ನೇ ಕೇಳಿ ಬರೆಸಿರಿ.