ಎಲ್ಲಿಂದ ಎಲ್ಲಿಗೆ?

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಇಂದು ಈ ಶಾಲೆಯಲ್ಲಿ ಕಲಿತ ಒಂದೇ ಒಂದು ಲೆಕ್ಕದ ಬಗ್ಗೆ ಹೇಳುತ್ತೇನೆ.

ನಮ್ಮ ಗಣಿತದ ಗುರುಗಳು ಗೋಳದ ಮೇಲೆ ದಾರ ಹಿಡಿಸಿ ಊರಿಂದ ಊರಿಗೆ ದೂರ ಅಳೆಸುತ್ತಿದ್ದರು. ಉತ್ತರ ಸರಿ ಇದ್ದರೂ "ಎಲ್ಲಿಂದ ಎಲ್ಲಿಗೆ ಅಂತ ಮೊದಲು ಬರಿ" ಎಂದು ನೋಟ್‌ಬುಕ್ ವಾಪಸ್ ಕೊಡುತ್ತಿದ್ದರು.

ಇಂದು ಕಂಪ್ಯೂಟರ್ ಮಾಡುವುದೂ ಆ ದಾರದ ಕೆಲಸವನ್ನೇ. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ, ಭೂಮಿಯ ತ್ರಿಜ್ಯ 6,371 ಕಿ.ಮೀ., ಜೊತೆಗೆ ಹತ್ತನೆಯ ತರಗತಿಯ ಸೈನ್, ಕೊಸೈನ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಹುಬ್ಬಳ್ಳಿಗೆ ಸುಮಾರು 370 ಕಿ.ಮೀ. ಬರುತ್ತದೆ. 30 ಸೆಂ.ಮೀ. ಅಗಲದ ಗೋಳದ ಮೇಲೆ ಅದು ಒಂದು ಸೆಂಟಿಮೀಟರೂ ಇಲ್ಲ. ಗಂಟೆಗೆ 800 ಕಿ.ಮೀ. ಓಡುವ ಜೆಟ್‌ಗೆ ಅರ್ಧ ತಾಸು ಸಾಕು. ಆದರೆ ರನ್‌ವೇವರೆಗೆ ಹೋಗುವುದು, ಮೇಲೇರುವುದು, ಸುತ್ತಿ ಇಳಿಯುವುದು ಎಲ್ಲ ಸೇರಿ ಟಿಕೆಟ್ಟಿನಲ್ಲಿ ಒಂದು ತಾಸಿನ ಮೇಲೆ ತೋರಿಸುತ್ತದೆ.

ಕೆಲವು ವರ್ಷಗಳ ಹಿಂದೆ ಅಪ್ಪ ಹಾಸಿಗೆ ಹಿಡಿದಿದ್ದರು. ಒಂದು ರಾತ್ರಿ 8ಕ್ಕೆ ಆಯಿ ಫೋನ್ ಮಾಡಿದಳು. "ಅಪ್ಪ ನಿನ್ನ ಕೇಳ್ತಿದ್ದಾರೆ ತಮಾ, ಎಷ್ಟು ಹೊತ್ತಿಗೆ ಬರ್ತೀಯಾ?" ದಾಂಡೇಲಿಯ ರಾತ್ರಿ ಬಸ್ಸಿಗೆ ಇನ್ನೂ ಸಮಯವಿತ್ತು. ನಾನು ಟಿಕೆಟ್ ನೋಡಿ, "ಬೆಳಿಗ್ಗೆ ವಿಮಾನಕ್ಕೆ ಬರ್ತೇನೆ, ಒಂದು ತಾಸು ಅಷ್ಟೇ" ಎಂದೆ.

ನಸುಕಿನ 4ಕ್ಕೆ ಮನೆ ಬಿಟ್ಟೆ. ನಿಲ್ದಾಣಕ್ಕೆ ಒಂದೂವರೆ ತಾಸು, ತಪಾಸಣೆ ಮತ್ತು ಕಾಯುವುದು ಎರಡು ತಾಸು, ಹಾರಾಟ ಒಂದು ತಾಸು ಹತ್ತು ನಿಮಿಷ. ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು ದಾಂಡೇಲಿ ಮುಟ್ಟಿದಾಗ ಮಧ್ಯಾಹ್ನ 12. ಅಲ್ಲಿಂದ ಜೋಯಿಡಾ ಬಸ್ಸು, ಆಮೇಲೆ ಕಾಡಿನೊಳಗೆ ನಡಿಗೆ. ಅಂಗಳಕ್ಕೆ ಕಾಲಿಟ್ಟಾಗ 2 ಗಂಟೆ. ಅಪ್ಪ 11ಕ್ಕೇ ಹೋಗಿದ್ದರು.

ರಾತ್ರಿ ಬಸ್ಸು ಹತ್ತಿದ್ದರೆ 9ರೊಳಗೆ ಮನೆಯಲ್ಲಿರುತ್ತಿದ್ದೆ. ವಿಮಾನ ಸರಿಯಾದ ಸಮಯಕ್ಕೇ ಇಳಿದಿತ್ತು. ತಪ್ಪಿದ್ದು ನನ್ನ ಲೆಕ್ಕ. ಆಯಿ ಕೇಳಿದ್ದು ಮನೆಗೆ ಯಾವಾಗ ಎಂದು, ನಾನು ಹೇಳಿದ್ದು ಹುಬ್ಬಳ್ಳಿಗೆ. ಎಲ್ಲಿಂದ ಎಲ್ಲಿಗೆ ಎಂದು ಬರೆದುಕೊಳ್ಳಲೇ ಇಲ್ಲ.

ಹುಬ್ಬಳ್ಳಿ ನಮ್ಮೆಲ್ಲರಿಗೂ ಒಂದೇ ದೂರವಲ್ಲ. ಮುಂಡಗೋಡಕ್ಕೆ ಸುಮಾರು 45 ಕಿ.ಮೀ., ಹಳಿಯಾಳಕ್ಕೆ 50ರ ಮೇಲೆ, ದಾಂಡೇಲಿಗೆ 75ರ ಹತ್ತಿರ, ಜೋಯಿಡಾಕ್ಕೆ ನೂರರ ಆಸುಪಾಸು. ಹಳ್ಳಿಗಳ ದಾರಿ ಅದರಾಚೆ. ಮುಂಡಗೋಡದವನಿಗೆ ಲಾಭವಾಗುವ ವಿಮಾನ ಜೋಯಿಡಾದವನಿಗೆ ಆಗಬೇಕೆಂದಿಲ್ಲ. ದೂರದ ಊರುಗಳಲ್ಲಿರುವ ಗೆಳೆಯರೇ, ಮನೆಯಿಂದ ಫೋನ್ ಬಂದರೆ ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿ. ಯಾವುದು ಮೊದಲು ಮುಟ್ಟಿಸುತ್ತದೋ ಅದನ್ನು ಹತ್ತಿ.

ಮಕ್ಕಳೇ, ಶಾಲೆಗೆ ಒಂದು ಹೊಸ ಗೋಳ ತಂದಿದ್ದೇನೆ. ಜೊತೆಗೆ ಒಂದು ಉಂಡೆ ದಾರವೂ ಇದೆ. ಅಳೆಯುವ ಮೊದಲು ಎಲ್ಲಿಂದ ಎಲ್ಲಿಗೆ ಎಂದು ಬರೆಯಿರಿ. ನಮ್ಮ ಗುರುಗಳು ಇಲ್ಲೇ ಕೂತಿದ್ದಾರೆ, ನೋಡುತ್ತಾರೆ.