ಪಟದಲ್ಲಿಲ್ಲದ ಸವಾರರು



‘ಡಿಪ್ಲೊಮಸಿ’ ಆಟದಲ್ಲಿ ದಾಳವಿಲ್ಲ, ಎಲೆಗಳಿಲ್ಲ. ಯಾರಿಗೆ ಯಾವ ದೇಶವೆಂದು ಚೀಟಿ ಎತ್ತಿದ ಮೇಲೆ ಅದೃಷ್ಟದ ಕೆಲಸ ಮುಗಿಯಿತು; ಉಳಿಯುವುದು ಮಾತು. 1901ರ ಯುರೋಪಿನ ಪಟ, ಏಳು ಸಾಮ್ರಾಜ್ಯಗಳು, 34 ಕೇಂದ್ರಗಳು. 18 ಹಿಡಿದವರಿಗೆ ಗೆಲುವು. ಆಜ್ಞೆಗಳನ್ನು ಎಲ್ಲರೂ ಗುಟ್ಟಾಗಿ ಬರೆಯುತ್ತಾರೆ, ಎಲ್ಲವೂ ಒಮ್ಮೆಲೇ ಬಯಲಾಗುತ್ತವೆ. ಸೈನ್ಯಗಳ ಬಲ ಸಮಸಮ. ನೆರೆಯವರ ಬೆಂಬಲವಿಲ್ಲದೆ ಯಾರೂ ಬಹುದೂರ ಹೋಗಲಾರರು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬ ನಿಯಮವಂತೂ ಇಲ್ಲ.

ಅಂತರ್ಜಾಲದಲ್ಲಿ ಆಡುವವರು ಒಂದು ನಡೆಗೆ ಒಂದೆರಡು ದಿನಗಳ ಗಡುವು ಇಟ್ಟುಕೊಳ್ಳುವುದುಂಟು. ಕಚೇರಿಯ ಬಿಡುವಿನಲ್ಲಿ ಒಂದು ಸಂದೇಶ, ಮಲಗುವ ಮುನ್ನ ಇನ್ನೊಂದು. ವಾರಗಟ್ಟಲೆ ಹೀಗೆ ಸಲುಗೆ ಬೆಳೆಸಿದ ಮಿತ್ರನ ಸೈನ್ಯ ಒಂದು ಬೆಳಿಗ್ಗೆ ವಿಯೆನ್ನಾದೊಳಗೆ ನಿಂತಿರುತ್ತದೆ. ಈ ನಿಧಾನ ಹೊಸದಲ್ಲ. 1963ರಿಂದಲೇ ಇದನ್ನು ಅಂಚೆಯ ಮೂಲಕ ಆಡುತ್ತಿದ್ದರು. 1954ರಲ್ಲಿ ಆಟವನ್ನು ರೂಪಿಸಿದ ಅಮೆರಿಕದ ಅಲನ್ ಕ್ಯಾಲ್ಹಮರ್ ಮುಂದೆ ಜೀವನೋಪಾಯಕ್ಕೆ ಹಿಡಿದದ್ದೂ ಅಂಚೆ ಹಂಚುವ ಕೆಲಸವನ್ನೇ!

ಪಟವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಸರ್ಬಿಯಾ, ಬೆಲ್ಜಿಯಂ, ಗ್ರೀಸ್, ಟ್ಯುನಿಸ್ ಮೊದಲಾದ 12 ಕೇಂದ್ರಗಳು ಆರಂಭದಲ್ಲಿ ಯಾರ ವಶದಲ್ಲೂ ಇರುವುದಿಲ್ಲ. ಅವುಗಳಿಗೆ ಆಟಗಾರರಿಲ್ಲ, ಆದ್ದರಿಂದ ಬಾಯಿಯೂ ಇಲ್ಲ. 1914ರ ಯುದ್ಧ ಹೊತ್ತಿಕೊಂಡದ್ದು ಸರ್ಬಿಯಾದ ಮೇಲಿನ ದಾಳಿಯಿಂದ. ಇಲ್ಲಿ ಆ ಸರ್ಬಿಯಾ ಮೊದಲ ವರ್ಷದಲ್ಲೇ ಸಾಮಾನ್ಯವಾಗಿ ಯಾರದೋ ಪಾಲಾಗುತ್ತದೆ. ಇದು ಆಟದ ದೋಷವಲ್ಲ. ದೊಡ್ಡವರು ಮಾತಾಡಿಕೊಂಡದ್ದು ಹೀಗೆಯೇ ಎಂಬುದನ್ನು ಅದು ಹಲವು ಪಠ್ಯಪುಸ್ತಕಗಳಿಗಿಂತ ಪ್ರಾಮಾಣಿಕವಾಗಿ ತೋರಿಸುತ್ತದೆ. ಆಡುತ್ತ ಆಡುತ್ತ ಆ ಮೌನ ಸಹಜವೆನಿಸತೊಡಗುವುದೇ ತೊಡಕು.

ಭಾರತವಂತೂ ಪಟದಲ್ಲೇ ಇಲ್ಲ. ಇಂಗ್ಲೆಂಡಿನ ಸೈನ್ಯಗಳು ಲಂಡನ್, ಲಿವರ್‌ಪೂಲ್, ಎಡಿನ್‌ಬರೊಗಳಲ್ಲಿ ಮಾತ್ರ ಹುಟ್ಟುತ್ತವೆ. ನಿಜದ ಯುದ್ಧದಲ್ಲಿ ಕಡಲಾಚೆ ಹೋದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು. ಪಟದ ಬಲಗಡೆ ಕೆಳಮೂಲೆಯಲ್ಲಿ ಸಿರಿಯಾ ಎಂಬ ಪ್ರಾಂತ್ಯವಿದೆ. ಕೇಂದ್ರವಿಲ್ಲದ್ದರಿಂದ ಅದನ್ನು ಬಯಸುವವರೂ ಕಡಿಮೆ. ಹೈಫಾ ಪಟ್ಟಣ ಬರಬೇಕಾದದ್ದು ಅಲ್ಲಿಯೇ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಮೈಸೂರು ಲ್ಯಾನ್ಸರ್ಸ್‌ನ ಸವಾರರು ಮೆಷಿನ್‌ಗನ್ನುಗಳನ್ನು ಎದುರಿಸಿ ಹೈಫಾವನ್ನು ತುರ್ಕರಿಂದ ಗೆದ್ದರು. ಮೈಸೂರು ಸಂಸ್ಥಾನದ ದಳ, ಇಂಗ್ಲೆಂಡಿನ ಯುದ್ಧ, ತುರ್ಕಿಯ ಅಧೀನದ ಊರು. ಒಪ್ಪಂದ ಮಾಡುವ ಅವಕಾಶವಾಗಲಿ ಮುರಿಯುವ ಅವಕಾಶವಾಗಲಿ ಆ ಸವಾರರಿಗೆ ಇರಲಿಲ್ಲ.

ಆಟದಲ್ಲಿ ಸೋತ ಸೈನ್ಯ ಹಿಂದೆ ಸರಿಯುತ್ತದೆ, ಜಾಗವಿಲ್ಲದಿದ್ದರೆ ವಿಸರ್ಜನೆಯಾಗುತ್ತದೆ, ಸತ್ತವರ ಲೆಕ್ಕವಿಲ್ಲ. ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಮುಂದಿನ ಆಟದಲ್ಲಿ ಇಂಗ್ಲೆಂಡಿನ ಚೀಟಿ ಎತ್ತುವ ಕನ್ನಡಿಗರು ರಜೆಗೆ ಊರಿಗೆ ಹೋದಾಗ ಆ ದಾರಿಯಲ್ಲೇ ಹಾದುಹೋಗಬಹುದು.