ಕಾಕೂನ ಟ್ಯಾಂಕಿನ ಹವಳ

ಕಿತ್ತೂರಿಂದ ಮಾತಾಡಾಕತ್ತೇನಿ. ಇವತ್ತು ಹವಳದ ಕಥಿ. ಹೌದ್ರೀ, ಸಮುದ್ರದ್ದೇ.

ಬೈಲಹೊಂಗಲದ ನಮ್ಮ ಕಾಕಾನ ಮಗ ಕೆಲಸ ಸಿಕ್ಕು ಪುಣೆಗೆ ಹೋದ. ಅವನ ಉಪ್ಪುನೀರಿನ ಟ್ಯಾಂಕ್ ಮನೆಯಲ್ಲೇ ಉಳಿಯಿತು. ಅದರಲ್ಲಿ ಝೋವಾಂಥಿಡ್, ಅಂದ್ರೆ ಅಂಗಿ ಗುಂಡಿಯಷ್ಟು ಪುಟ್ಟ ಹೂಗಳ ಮೆತ್ತನೆ ಹವಳ. ನೀರು ಇಳಿದಾಗೆಲ್ಲ ಕಾಕು ಬೋರ್ ನೀರು ಸುರಿದರು. ನಾನು ನೋಡಿದಾಗ ಎಲ್ಲ ಮುಚ್ಚಿಕೊಂಡು, ಬಣ್ಣ ಬಿಟ್ಟಿದ್ದವು.

"ಕಲ್ಲು ಕುದಿಸಿ ತಿಕ್ಕಿಬಿಡ್ತೀನಿ ತಮ್ಮಾ" ಅಂದ್ರು. ನನ್ನ ಎದಿ ಧಸಕ್ ಅಂತು. ಈ ಜಾತಿಯ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷ ಇರುತ್ತೆ. ಕುದಿಸಿದರೆ ಹಬೆಯಲ್ಲಿ ಸೇರಿ ಉಸಿರಾಟಕ್ಕೇ ಕುತ್ತು. ವಿದೇಶದಲ್ಲಿ ಮನೆಮಂದಿಯೇ ಆಸ್ಪತ್ರೆ ಸೇರಿದ್ದುಂಟು. ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬ್ಯಾಡ್ರಿ.

ನಾನು ಬಿ.ಕಾಂ., ನನಗೆ ಲೆಕ್ಕ ಹೀಗೆ ತಿಳೀತು: ಆವಿಯಾಗೋದು ನೀರು ಮಾತ್ರ. ಉಪ್ಪು ಬಂಡವಾಳ, ಅಲ್ಲೇ ಉಳಿಯುತ್ತೆ. ಬೋರ್ ನೀರಿನ ಖನಿಜವೂ ಉಳಿದು ಸೇರ್ತಾನೇ ಹೋಗುತ್ತೆ. ಅದಕ್ಕೇ ಇಳಿದಷ್ಟಕ್ಕೆ ಆರ್‌ಒ ನೀರು. ಮೇಲೆ ವಾರಕ್ಕೆ 10 ಪರ್ಸೆಂಟ್ ನೀರು ತೆಗೆದು, ಮೆರೈನ್ ಸಾಲ್ಟ್ ಕಲಸಿ ಸ್ಪೆಸಿಫಿಕ್ ಗ್ರಾವಿಟಿ 1.025ಕ್ಕೆ ತಂದ ಹೊಸ ನೀರು. ಅಡುಗೆ ಉಪ್ಪು ನಡೆಯಲ್ಲ. ಲೈಟೂ ಅರ್ಧಕ್ಕೆ ಇಳಿಸಿದೆ. ಹವಳಕ್ಕೆ ಊಟ, ಬಣ್ಣ ಎರಡೂ ಅದರ ಒಳಗಿನ ಸೂಕ್ಷ್ಮ ಪಾಚಿಯಿಂದ. ಸೊರಗಿದಾಗ ಜೋರು ಬೆಳಕು ತಡೆಯೋದಿಲ್ಲ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್.

ಐದು ವಾರ ಏನೂ ಇಲ್ಲ. ಕಿತ್ತೂರು ಉತ್ಸವದ ಹಿಂದಿನ ದಿನ ಕಾಕು ಫೋನ್: "ಎರಡು ಕಣ್ಣು ಬಿಟ್ಟಾವೋ!" ಈಗ ಹನ್ನೊಂದು. ಉಳಿದವು ಕರಗಿಹೋದವು.

ಹಾಂ, ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗೋರು ಹವಳದ ತುಂಡು ಕಿಸೆಗೆ ಹಾಕ್ಕೋಬ್ಯಾಡ್ರಿ. ಕಲ್ಲುಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಹುಲಿಯ ಜೊತೆಗೆ.